ಬಾಗಿಲು ನಮ್ಮದು, ಮನೆ ನಮ್ಮದಲ್ಲ

ಚಿತ್ರವೆಂಬುದು ಸಾಮಾನ್ಯ ಸಂಸಾರಗಳಿಗೆ ಸುಲಭವಾಗಿ ದಕ್ಕಿದ ವಸ್ತುವಲ್ಲ. ಗೋಡೆಯ ಮೇಲೆ ದೇವರು ಬಂದು ನೆಲೆಸಿದ್ದೇ ಈಚೆಗೆ. 1894ರಲ್ಲಿ ರಾಜಾ ರವಿವರ್ಮನು ಮುಂಬಯಿಯಲ್ಲಿ ಮುದ್ರಣಾಲಯವನ್ನು ತೆರೆದ ಮೇಲೆ ಲಕ್ಷ್ಮಿಯೂ ಸರಸ್ವತಿಯೂ ಅಗ್ಗದ ಬೆಲೆಗೆ ಮನೆಮನೆಯನ್ನು ಹೊಕ್ಕರು. ಮನುಷ್ಯರ ಸರದಿ ಬಂದದ್ದು ಅದಕ್ಕೂ ತಡವಾಗಿ. ಮದುವೆಯಾದ ಹೊಸದರಲ್ಲಿ ಪೇಟೆಯ ಸ್ಟುಡಿಯೋಗೆ ಹೋಗಿ, ಕುರ್ಚಿಯ ಮೇಲೆ ಗಂಡ, ಪಕ್ಕದಲ್ಲಿ ನಿಂತ ಹೆಂಡತಿ, ಹಿಂದೆ ಬಟ್ಟೆಯ ಮೇಲೆ ಬರೆದ ಹೂದೋಟ, ಇಷ್ಟಾದರೆ ಒಂದು ಸಂಸಾರದ ಚಿತ್ರಚರಿತ್ರೆ ಮುಗಿಯುತ್ತಿತ್ತು. ಮನೆಯ ಚಿತ್ರವನ್ನಂತೂ ಯಾರೂ ತೆಗೆಸುತ್ತಿರಲಿಲ್ಲ. ದಿನವೂ ಕಣ್ಣೆದುರಿಗೇ ಇರುವ ಮನೆಗೆ ಚಿತ್ರವೇಕೆ? ಮನೆ ಎಲ್ಲಿಗೆ ಹೋದೀತು?

ಶರಾವತಿಯ ಕಣಿವೆಯಲ್ಲಿ ಈ ಮಾತು ಸುಳ್ಳಾಯಿತು. 1964ರಲ್ಲಿ ಸಾಗರ ತಾಲ್ಲೂಕಿನ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡು ಹಿನ್ನೀರು ಹರಡಿದಾಗ ಗದ್ದೆ, ತೋಟ, ಗುಡಿ, ಮನೆ ಎಲ್ಲವೂ ಅದರ ಅಡಿಗಾದವು. 1948ರಲ್ಲಿ ಕಟ್ಟಿ ಮುಗಿಸಿದ್ದ ಹಿರೇಭಾಸ್ಕರ ಅಣೆಕಟ್ಟೇ ಈ ಹೊಸ ನೀರಿನಲ್ಲಿ ಮುಳುಗಿತೆಂದ ಮೇಲೆ ಮಣ್ಣುಗೋಡೆಯ ಮನೆಗಳ ಪಾಡೇನು? ಮಳೆ ಕೈಕೊಟ್ಟು ನೀರು ತೀರ ಇಳಿದ ವರ್ಷಗಳ ಬೇಸಿಗೆಯಲ್ಲಿ ಆ ಹಳೆಯ ಅಣೆಕಟ್ಟು ಮೇಲೆದ್ದು ಮುಖ ತೋರಿಸುತ್ತದೆ. ಮಣ್ಣಿನ ಗೋಡೆಗಳು ಹಾಗೆ ಮೇಲೇಳುವುದಿಲ್ಲ.

ಶಿವಮೊಗ್ಗದ ಒಂದು ಬಡಾವಣೆಯಲ್ಲಿ ನಿವೃತ್ತಿಯ ದಿನಗಳನ್ನು ಕಳೆಯುತ್ತಿರುವ ಮೇಷ್ಟರೊಬ್ಬರ ಹುಟ್ಟಿದ ಮನೆ ಹೀಗೆ ನೀರು ಸೇರಿದ್ದು. ದೀವರ ಮನೆತನ. ಮನೆ ಬಿಟ್ಟಾಗ ಅವರಿಗೆ ಹತ್ತು ವರ್ಷ, ಅಕ್ಕನಿಗೆ ಹದಿನಾರು. ತಂದೆ ಹೆಂಚನ್ನೂ ತೊಲೆಗಳನ್ನೂ ಬಿಚ್ಚಿ ಸಿಕ್ಕಿದ ಬೆಲೆಗೆ ಮಾರಿ, ಹೆಬ್ಬಾಗಿಲನ್ನು ಮಾತ್ರ ಮಾರಲು ಮನಸ್ಸಾಗದೆ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದರು. ಆ ಬಾಗಿಲು ಇಂದಿಗೂ ಸಾಗರದ ಕಡೆಯ ಹಳ್ಳಿಯಲ್ಲಿ, ಅಕ್ಕನ ಮನೆಯ ಭತ್ತದ ಉಗ್ರಾಣಕ್ಕೆ ಬಾಗಿಲಾಗಿ ನಿಂತಿದೆ. ಒಳಗೆ ಹೋಗುವವರು ತಲೆ ಬಗ್ಗಿಸಲೇಬೇಕು. ಬಗ್ಗಿಸದವರಿಗೆ ಅದು ತಾನೇ ಪಾಠ ಕಲಿಸುತ್ತದೆ. ಅದನ್ನು ಬಿಟ್ಟರೆ ಆ ಮನೆಯ ಗುರುತು ಒಂದೂ ಉಳಿದಿಲ್ಲ. ಛಾಯಾಚಿತ್ರವಂತೂ ಇಲ್ಲವೇ ಇಲ್ಲ.

ಮೇಷ್ಟರ ಮೊಮ್ಮಗ ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ಆಟವಾಡುವುದಕ್ಕೆಂದು ಅವನು ಕೊಳ್ಳಿಸಿಕೊಂಡ ಕಂಪ್ಯೂಟರಿನಲ್ಲಿ 12 ಗಿಗಾಬೈಟ್ ಸ್ಮರಣೆಯ ಒಂದು ಗ್ರಾಫಿಕ್ಸ್ ಕಾರ್ಡ್ ಇದೆ. ಅದರ ಬೆಲೆಯನ್ನು ಅಜ್ಜನ ಪಿಂಚಣಿಯೇ ಕೊಟ್ಟಿತು. 'ಓದಿಗೆ ಅನುಕೂಲ' ಎಂಬ ಮಾತನ್ನು ಅಜ್ಜ ಪೂರ್ತಿ ನಂಬಿದ್ದರೆಂದು ಹೇಳಲಾಗದು. ಆದರೆ ಒಂದು ರಜೆಯ ದಿನ ಹುಡುಗ ಅದೇ ಯಂತ್ರವನ್ನು ಚಿತ್ರ ಬರೆಯಲು ಹಚ್ಚಿ ಅಜ್ಜನನ್ನು ಕರೆದು ಕೂರಿಸಿದ. "ಏನು ಬೇಕೋ ಹೇಳಿ ಅಜ್ಜ, ಬರೆಯುತ್ತದೆ" ಎಂದ. ಅಜ್ಜ ಬಹಳ ಹೊತ್ತು ಸುಮ್ಮನಿದ್ದು, "ನಮ್ಮ ಮನೆಯನ್ನು ಬರೆದೀತೆ?" ಎಂದು ಕೇಳಿದರು.

ಈ ವಿದ್ಯೆ ಮನೆಯ ಮೇಜಿನವರೆಗೆ ಬಂದು ಬಹಳ ಕಾಲವಾಗಿಲ್ಲ. ಜರ್ಮನಿಯ ಮ್ಯೂನಿಕ್ ವಿಶ್ವವಿದ್ಯಾನಿಲಯದ ಸಂಶೋಧಕರೂ ಒಂದೆರಡು ಕಂಪನಿಗಳೂ ಕೂಡಿ ಸಿದ್ಧಪಡಿಸಿದ 'ಸ್ಟೇಬಲ್ ಡಿಫ್ಯೂಷನ್' ಎಂಬ ವ್ಯವಸ್ಥೆಯನ್ನು 2022ರ ಆಗಸ್ಟ್ 22ರಂದು ಸಾರ್ವಜನಿಕರಿಗೆ ಬಿಟ್ಟುಕೊಟ್ಟರು. ಅದಕ್ಕೆ ಮುಂಚೆ ಇಂಥ ಹೆಸರುವಾಸಿ ಯಂತ್ರಗಳು ದೊಡ್ಡ ಕಂಪನಿಗಳ ಒಡೆತನದಲ್ಲಿದ್ದವು. ಬೇಕಾದವರು ಅವರ ಬಾಗಿಲಿಗೇ ಹೋಗಿ ಬೇಡಬೇಕಾಗಿತ್ತು. ಇದಾದರೋ ಸುಮಾರು 4 ಗಿಗಾಬೈಟಿನ ಒಂದು ಕಡತ. ಒಂದೆರಡು ಸಿನಿಮಾಗಳು ಹಿಡಿಸುವಷ್ಟು ಜಾಗದಲ್ಲಿ ಅಡಗಿ ಕೂರುತ್ತದೆ. ಒಮ್ಮೆ ಇಳಿಸಿಕೊಂಡರೆ ಮತ್ತೆ ಇಂಟರ್ನೆಟ್ಟಿನ ಹಂಗಿಲ್ಲ, ಚಿತ್ರಕ್ಕಿಷ್ಟೆಂಬ ಶುಲ್ಕವೂ ಇಲ್ಲ. ಫ್ಯಾನು ಗುಯ್ಯೆಂದು ತಿರುಗುತ್ತದೆ, ಕೋಣೆ ಕೊಂಚ ಬೆಚ್ಚಗಾಗುತ್ತದೆ, ಕೆಲವು ಕ್ಷಣಗಳಲ್ಲಿ ಚಿತ್ರ ಮೂಡುತ್ತದೆ.

ಅದು ಬರೆಯುವ ಕ್ರಮವೂ ವಿಚಿತ್ರವಾದದ್ದು. ಕಲಿಸುವ ಕಾಲದಲ್ಲಿ ಒಂದೊಂದು ಚಿತ್ರದ ಮೇಲೂ ಅಂಕೆಯಿಲ್ಲದ ಚುಕ್ಕೆಗಳನ್ನು ಎರಚಿ ಕೆಡಿಸಿ, ಎರಚಿದ ಚುಕ್ಕೆಗಳು ಯಾವುವೆಂದು ಊಹಿಸುವುದನ್ನು ಯಂತ್ರಕ್ಕೆ ಅಭ್ಯಾಸ ಮಾಡಿಸುತ್ತಾರೆ. ಉಷ್ಣಶಾಸ್ತ್ರದಿಂದ ಎರವಲು ಪಡೆದ ಈ ಕಲ್ಪನೆಯನ್ನು ಅಮೆರಿಕದ ಸಂಶೋಧಕರು 2015ರಲ್ಲಿ ಮಂಡಿಸಿದರು. 2020ರಲ್ಲಿ ಅದು ಒಳ್ಳೆಯ ಚಿತ್ರಗಳನ್ನು ಕೊಡುವ ಮಟ್ಟಕ್ಕೆ ಬಂತು. ಅಭ್ಯಾಸ ಮುಗಿದ ಯಂತ್ರದ ಮುಂದೆ ಬರಿಯ ಚುಕ್ಕೆಗಳ ರಾಶಿಯನ್ನೇ ಇಟ್ಟರೂ, ಇದರ ಹಿಂದೆ ಚಿತ್ರವೊಂದಿದೆಯೆಂದು ಭಾವಿಸಿ, ಹೇಳಿದ ಮಾತುಗಳಿಗೆ ಹೊಂದುವಂತೆ, ಇಪ್ಪತ್ತು ಮೂವತ್ತು ಸಲ ಚುಕ್ಕೆಗಳನ್ನು ಒರಸುತ್ತಾ ಹೋಗುತ್ತದೆ. ಮಲೆನಾಡಿನ ಮುಂಜಾವಿನಲ್ಲಿ ಮಂಜು ಕರಗಿ ಗುಡ್ಡ ಕಾಣಿಸಿಕೊಳ್ಳುವ ಹಾಗೆ ಚಿತ್ರ ಕಾಣಿಸಿಕೊಳ್ಳುತ್ತದೆ. ವ್ಯತ್ಯಾಸ ಒಂದೇ: ಮಲೆನಾಡಿನ ಮಂಜಿನ ಹಿಂದೆ ಗುಡ್ಡ ನಿಜವಾಗಿಯೂ ಇರುತ್ತದೆ.

ಅಜ್ಜ ಕನ್ನಡದಲ್ಲಿ ಹೇಳಿದರು, ಹುಡುಗ ಕನ್ನಡದಲ್ಲಿಯೇ ಬೆರಳಚ್ಚು ಮಾಡಿದ. ಬಂದದ್ದು ಯಾವುದೋ ದೇಶದ ಬೀದಿ. ಆ ಯಂತ್ರಕ್ಕೆ ಪಾಠವಾಗಿದ್ದು ಬಹುಮಟ್ಟಿಗೆ ಇಂಗ್ಲಿಷ್ ಟಿಪ್ಪಣಿಯುಳ್ಳ ಚಿತ್ರಗಳಿಂದ. ಚಿತ್ರವನ್ನೂ ಅದರ ಟಿಪ್ಪಣಿಯನ್ನೂ ಜೊತೆ ಮಾಡಿ 585 ಕೋಟಿ ಜೋಡಿಗಳನ್ನು ಇಂಟರ್ನೆಟ್ಟಿನಿಂದ ಒಟ್ಟುಗೂಡಿಸಿದ ಭಂಡಾರವೊಂದಿದೆ. ಅದರಿಂದ ಆಯ್ದ ಭಾಗವೇ ಅದರ ಪಠ್ಯ. ಸರಿ, ಅಜ್ಜನ ಮಾತನ್ನು ಮೊಮ್ಮಗ ಇಂಗ್ಲಿಷಿಗೆ ತಿರುಗಿಸತೊಡಗಿದ. 'ಜಗುಲಿ' ಎಂದದ್ದು 'ವೆರಾಂಡಾ' ಆಯಿತು, ಕೂಡಲೇ ಬೆತ್ತದ ಕುರ್ಚಿಗಳನ್ನು ಹಾಕಿದ ದೊರೆಗಳ ಬಂಗಲೆ ಎದ್ದು ನಿಂತಿತು. 'ದಣಪೆ' ಎಂಬುದಕ್ಕೆ ಮಾತೇ ಸಿಗದೆ 'ಬಿದಿರಿನ ಗೇಟು' ಎಂದು ಬರೆದದ್ದಕ್ಕೆ ಜಪಾನಿನ ಉದ್ಯಾನವೊಂದು ತೆರೆದುಕೊಂಡಿತು. ಅಂಗಳದಲ್ಲಿ ಅಮ್ಮ ಕುಳಿತು ಭತ್ತ ಕೇರುತ್ತಿದ್ದಾಳೆ ಎಂದರೆ, ಕುಳಿತವಳ ಕೈಗೆ ಆರು ಬೆರಳು. "ಕೆಲಸ ಬೇಗ ಮುಗಿಯಲಿ ಎಂದಿರಬೇಕು" ಎಂದು ಮೇಷ್ಟರ ಮಡದಿ ಅಡಿಗೆಮನೆಯಿಂದ ನಕ್ಕರು.

ಎರಡು ದಿನ ಹೀಗೆ ನಗುವಿನಲ್ಲಿ ಕಳೆಯಿತು. ಮೂರನೆಯ ದಿನ ಹುಡುಗನಿಗೆ ಒಂದು ಉಪಾಯ ಹೊಳೆಯಿತು. ಚಿತ್ರದ ಒಂದು ಭಾಗವನ್ನು ಮುಟ್ಟದೆ ಹಾಗೆಯೇ ಇಟ್ಟುಕೊಂಡು, ಅದರ ಸುತ್ತಲಿನದನ್ನು ಮಾತ್ರ ಯಂತ್ರದಿಂದ ಬರೆಸುವ ಅನುಕೂಲವಿದೆ. ಅತ್ತೆಯ ಉಗ್ರಾಣದ ಹೆಬ್ಬಾಗಿಲಿನ ಫೋಟೋ ಒಂದು ಹುಡುಗನ ತಂದೆಯ ಮೊಬೈಲಿನಲ್ಲಿ ಇತ್ತು. ಬಾಗಿಲನ್ನು ನಡುವೆ ಇಟ್ಟು, ಮಿಕ್ಕದ್ದನ್ನು ಅಜ್ಜನ ಮಾತಿನಂತೆ ತುಂಬಿಸಿದ. ಇಪ್ಪತ್ತೋ ಇಪ್ಪತ್ತೈದೋ ಸಲ ತಿದ್ದಿದ ಮೇಲೆ ಬಂದ ಚಿತ್ರವನ್ನು ಕಂಡು ಮೇಷ್ಟರು ಕನ್ನಡಕವನ್ನು ತೆಗೆದು ಒರಸಿಕೊಂಡರು. ತಗ್ಗಾದ ಹೆಂಚಿನ ಮಾಡು, ಮಳೆಗೆ ನೆನೆದ ಅಂಗಳ, ಎಡಗಡೆಗೆ ತುಳಸಿಕಟ್ಟೆ, ಹಿಂದೆ ಅಡಿಕೆಯ ಮರಗಳ ಸಾಲು, ನಡುವೆ ಕರಿಹಿಡಿದ ಆ ಬಾಗಿಲು. ಅರುವತ್ತು ವರ್ಷಗಳ ಕೆಳಗೆ ಮುಳುಗಿದ್ದು ಕಣ್ಣೆದುರಿಗೆ ನಿಂತಿತ್ತು.

ಚಿತ್ರ ಆ ಸಂಜೆಯೇ ನೆಂಟರ ಮೊಬೈಲುಗಳನ್ನೆಲ್ಲ ತಲುಪಿತು. ಹಲವರು ಅತ್ತರು. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗ ಅದನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, 'ಮುಳುಗಡೆಯಾದ ನಮ್ಮ ಮೂಲ ಮನೆ' ಎಂದು ಅಡಿಯಲ್ಲಿ ಬರೆಸಿ ನಡುಮನೆಯಲ್ಲಿ ತೂಗುಹಾಕಿದ. ಅವನು ಹುಟ್ಟಿದ್ದು ಮುಳುಗಡೆಯ ಅನಂತರ. ಕಂಡಿರದ ಮನೆಯೊಂದು ಜೀವಮಾನವೆಲ್ಲ ಹಿರಿಯರ ಮಾತಿನಲ್ಲಿ ಕಾಡಿದವನಿಗೆ ಈಗ ಅದು ಗೋಡೆಯ ಮೇಲೆ ಸಿಕ್ಕಿತ್ತು. ಅವನ ಸಂತೋಷವನ್ನು ಹಳಿಯುವುದು ನ್ಯಾಯವಲ್ಲ.

ಅಕ್ಕ ಶಿವಮೊಗ್ಗಕ್ಕೆ ಬಂದದ್ದು ಕಣ್ಣಿನ ಪರೀಕ್ಷೆಗೆ. ತಮ್ಮನು ಮೊದಲು ತೋರಿಸಿದ್ದೇ ಚಿತ್ರವನ್ನು. ಎಪ್ಪತ್ತೆಂಟು ವರ್ಷದ ಆ ಮುದುಕಿ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು, ಬಾಗಿಲಿನ ಮೇಲೆ ಬೆರಳಿಟ್ಟು, "ಈ ಬಾಗಿಲು ನಮ್ಮದು" ಎಂದರು. ಆಮೇಲೆ ನಿಧಾನವಾಗಿ, "ಮನೆ ನಮ್ಮದಲ್ಲ ತಮ್ಮಾ" ಎಂದರು.

"ನಾನು ಹೇಳಿದಂತೆಯೇ ಬರೆದಿದೆಯಲ್ಲ ಅಕ್ಕ?"

"ನೀನು ಆಗ ಹತ್ತು ವರ್ಷದವ. ಯಾವಾಗಲೂ ತೋಟದಲ್ಲಿ ಇರುತ್ತಿದ್ದೆ. ಮನೆಯನ್ನು ನೀನು ಯಾವಾಗ ನೋಡಿದೆ?"

ಅಲ್ಲಿಂದ ತಿದ್ದುಪಡಿಗಳು ಪ್ರಾರಂಭವಾದವು. ತುಳಸಿಕಟ್ಟೆ ಎಡಗಡೆಗಲ್ಲ, ಹೆಬ್ಬಾಗಿಲಿಗೆ ನೇರವಾಗಿ. ದೀಪ ಹಚ್ಚಿ ತಿರುಗಿದರೆ ನಡುಮನೆಯ ಒಳಗಿನವರೆಗೆ ಕಾಣಬೇಕು. ಜಗುಲಿಗೆ ಮೆಟ್ಟಿಲು ಮೂರಲ್ಲ, ಎರಡು. ನೆಲ ಕೆಂಪಲ್ಲ, ಸಗಣಿಗೆ ಇದ್ದಿಲು ಕಲಸಿ ಸಾರಿಸಿ ಕಲ್ಲಿನಿಂದ ತಿಕ್ಕಿದ ಕಪ್ಪು ನೆಲ, ಮುಖ ಕಾಣುವಷ್ಟು ನುಣುಪು. ಮಳೆಗಾಲದ ಚಿತ್ರವಾದರೆ ಪಡುವಣ ಬದಿಗೆ ಅಡಿಕೆ ಸೋಗೆಯ ತಟ್ಟಿ ಇರಲೇಬೇಕು. ಇಲ್ಲದಿದ್ದರೆ ಇರಚಲಿಗೆ ಗೋಡೆ ನಿಂತೀತೆ? ಜಗುಲಿಯ ಮುಂಡಿಗೆಗಳು ನಾಲ್ಕು, ಮೂರಲ್ಲ. ನಾಲ್ಕನೆಯದರ ಮೇಲೆ ಅಮ್ಮ ಮಸಿಯಿಂದ ಹಾಲಿನ ಲೆಕ್ಕದ ಗೀಟು ಎಳೆಯುತ್ತಿದ್ದಳು. ಬಚ್ಚಲು ಮನೆಗೆ ಅಂಟಿಕೊಂಡಿರಲಿಲ್ಲ, ಹಿತ್ತಿಲಲ್ಲಿ ಬೇರೆ ಇತ್ತು. ಹಂಡೆಯ ಒಲೆಯಲ್ಲಿ ಹಲಸಿನ ಬೀಜ ಸುಟ್ಟು ತಿಂದದ್ದು ಮರೆತುಹೋಯಿತೆ?

ಮರೆತುಹೋಗಿತ್ತು. ಆದರೆ ಕೇಳಿದೊಡನೆ ನೆನಪಾಯಿತು. ಹಾಲಿನ ಗೀಟುಗಳ ಮಾತು ಬಂದಾಗ ಮೇಷ್ಟರಿಗೆ ತಾವು ಎಣಿಕೆ ಕಲಿತದ್ದೇ ಆ ಕಂಬದ ಬಳಿ ಎಂಬುದೂ ನೆನಪಾಯಿತು. ಅಕ್ಕ ಹೇಳುತ್ತಾ ಹೋದರು, ಮೇಷ್ಟರು ಹಳೆಯ ಅಭ್ಯಾಸದಂತೆ ಇನ್ನೂರು ಪುಟದ ನೋಟುಪುಸ್ತಕವನ್ನು ತೆರೆದು ಬರೆದುಕೊಳ್ಳುತ್ತಾ ಹೋದರು. 'ಮನೆಯ ವಿಷಯ ಹೇಳು' ಎಂದು ಮಕ್ಕಳು ಎಷ್ಟೋ ಸಲ ಕೇಳಿದಾಗ, 'ಏನು ಹೇಳುವುದು, ದೊಡ್ಡ ಮನೆ' ಎಂದು ಮುಗಿಸಿದ್ದ ಮುದುಕಿ ಇವರು. ಎದುರಿಗೆ ತಪ್ಪು ಮನೆಯೊಂದು ಬಂದು ನಿಂತಾಗ ಸರಿಯಾದ ಮನೆ ಅವರ ಬಾಯಿಂದ ತಾನಾಗಿ ಹೊರಟಿತು.

ಗೋಡೆಯ ಮಾತು ಬಂದಾಗ ಮಾತ್ರ ಅಕ್ಕನಿಗೆ ಸಿಟ್ಟೇ ಬಂತು. ದೀವರ ಮನೆಗಳ ಗೋಡೆಗೆ ಹೆಂಗಸರು ಚಿತ್ತಾರ ಬರೆಯುತ್ತಾರೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು. ಪುಂಡಿಯ ನಾರಿನಿಂದ ಮಾಡಿದ ಕುಂಚ. ಗೆರೆಗಳೆಲ್ಲ ನೇರ, ಒಂದಕ್ಕೊಂದು ಸಮ, ಮನೆಗಳಂತೆ ಚೌಕಗಳು. ಮದುವೆಯಲ್ಲಿ ಬರೆಯುವ ಹಸೆ ಚಿತ್ತಾರವಂತೂ ವಧೂವರರು ಅದರ ಮುಂದೆ ಕುಳಿತುಕೊಳ್ಳತಕ್ಕದ್ದು. ಯಂತ್ರ ಬರೆದ ಗೋಡೆಯಲ್ಲಿ ಬಿಳಿಯ ಗೊಂಬೆಗಳು ಕೈಕೈ ಹಿಡಿದು ಸುತ್ತಲೂ ಕುಣಿಯುತ್ತಿದ್ದವು. ಅದು ಮಹಾರಾಷ್ಟ್ರದ ವಾರ್ಲಿ ಜನರ ಬರವಣಿಗೆಯ ರೀತಿ. ಇಂಟರ್ನೆಟ್ಟಿನಲ್ಲಿ ಯಾವುದು ಹೇರಳವಾಗಿದೆಯೋ ಅದನ್ನು ಯಂತ್ರ ಬಲ್ಲದು. ಸಾಗರದ ಹಳ್ಳಿಯ ತಾಯಿಯೊಬ್ಬಳು ಒಂದು ಗೋಡೆಯ ಮೇಲೆ ಬರೆದು ಮುಂದಿನ ದೀಪಾವಳಿಗೆ ತಾನೇ ಸಾರಿಸಿಬಿಟ್ಟದ್ದು ಆ 585 ಕೋಟಿಯಲ್ಲಿ ಎಲ್ಲಿಂದ ಬರಬೇಕು? "ಇದು ಯಾವ ಊರಿನ ಕುಣಿತ? ಅಮ್ಮ ಒಂದೂ ಗೆರೆ ಡೊಂಕು ಎಳೆದವಳಲ್ಲ" ಎಂದರು ಅಕ್ಕ.

ಹೊರದೇಶಗಳಲ್ಲಿ ಚಿತ್ರಕಾರರು ಇದೇ ಯಂತ್ರದ ಮೇಲೆ ಕೋಪಗೊಂಡಿರುವುದು ಬೇರೆ ಕಾರಣಕ್ಕೆ. ತಮ್ಮ ಕೃತಿಗಳನ್ನು ಕೇಳದೆ ಪಾಠಕ್ಕೆ ಬಳಸಿದರೆಂದು ಅಮೆರಿಕದ ಕಲಾವಿದರು ಮೂವರು 2023ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ನ್ಯಾಯಾಲಯಕ್ಕೆ ಹೋದರು. ಅದೇ ವರ್ಷ ಛಾಯಾಚಿತ್ರಗಳನ್ನು ಮಾರುವ ದೊಡ್ಡ ಸಂಸ್ಥೆಯೊಂದು ಲಂಡನ್ನಿನಲ್ಲಿ ದಾವೆ ಹೂಡಿತು. 2025ರ ನವೆಂಬರಿನಲ್ಲಿ ಅಲ್ಲಿಯ ನ್ಯಾಯಾಲಯ ಅದರ ವಾದವನ್ನು ಬಹುಪಾಲು ತಳ್ಳಿಹಾಕಿತು. ಅವರದು ತಮ್ಮ ಚಿತ್ರಗಳು ಯಂತ್ರದೊಳಗೆ ಸೇರಿಬಿಟ್ಟವೆಂಬ ದುಃಖ. ಅಕ್ಕನ ದುಃಖ ಇದಕ್ಕೆ ತಿರುವುಮುರುವು: ಅಮ್ಮನ ಚಿತ್ತಾರ ಎಲ್ಲಿಯೂ ಸೇರಲೇ ಇಲ್ಲ, ಅದರ ಜಾಗದಲ್ಲಿ ಬೇರೊಬ್ಬರದು ಬಂದು ಕುಳಿತಿದೆ.

ಬೆಂಗಳೂರಿಗೆ ಫೋನು ಹೋಯಿತು. ಚಿತ್ರವನ್ನು ಇಳಿಸಬೇಕೆಂದು ಅಕ್ಕ ಹೇಳಲಿಲ್ಲ. ಅಡಿಯಲ್ಲಿರುವ ಬರಹವನ್ನು ಅಳಿಸಬೇಕೆಂದರು. ಚಿಕ್ಕಪ್ಪನ ಮಗ ನೊಂದುಕೊಂಡ. "ನೀವೆಲ್ಲ ಕಣ್ಣಾರೆ ಕಂಡವರು ಅಕ್ಕ. ನಮಗೆ ಇದಾದರೂ ಬೇಡವೇ? ಮೆಟ್ಟಿಲು ಎರಡಾದರೇನು, ಮೂರಾದರೇನು?" ಎಂದ. ಆ ಮಾತಿನಲ್ಲಿಯೂ ಹುರುಳಿಲ್ಲದೆ ಇಲ್ಲ. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು ಕೊಟ್ಟ ಉತ್ತರ ಹೀಗಿತ್ತು: "ಅಪ್ಪ ಸಾಯುವವರೆಗೂ ಕಾಗದ ಹಿಡಿದುಕೊಂಡು ಕಚೇರಿಗೆ ಅಲೆದ. ಅಲ್ಲಿ ನಮ್ಮ ಮನೆ ಇತ್ತು ಎಂದರೆ ಯಾರೂ ನಂಬಲಿಲ್ಲ. ಇದ್ದದ್ದನ್ನೇ ನಂಬದವರ ಮುಂದೆ ಇಲ್ಲದ್ದನ್ನು ನಾವೇ ಮಾಡಿ ಇಟ್ಟರೆ, ಇನ್ನು ಇದ್ದದ್ದರ ಗತಿ ಏನು?"

ಮುಳುಗಡೆಯ ಜನರಿಗೆ ದಾಖಲೆ ಎಂಬ ಮಾತಿನ ಭಾರ ಗೊತ್ತು. ಬದಲಿಗೆ ಸಿಕ್ಕಿದ ಭೂಮಿಯ ಹಕ್ಕುಪತ್ರಕ್ಕಾಗಿ ಅವರಲ್ಲಿ ಎಷ್ಟೋ ಸಂಸಾರಗಳು ಎರಡು ತಲೆಮಾರು ಕಾದಿವೆ. ಯಂತ್ರದ ಮೊದಲ ಚಿತ್ರಗಳು ಯಾರನ್ನೂ ಮೋಸಗೊಳಿಸಿರಲಿಲ್ಲ. ಬಂಗಲೆಯನ್ನೂ ಆರು ಬೆರಳುಗಳನ್ನೂ ಕಂಡು ಎಲ್ಲರೂ ನಕ್ಕರು. ನಂಬಿಕೆ ಹುಟ್ಟಿದ್ದು ನಡುವೆ ನಿಜವಾದ ಬಾಗಿಲೊಂದು ಬಂದು ನಿಂತ ಮೇಲೆ. ಆ ಒಂದು ಸತ್ಯದ ಸಾಲದಿಂದ ಸುತ್ತಲಿನ ಸುಳ್ಳೆಲ್ಲ ಬದುಕಿತು. ಬೆಂಗಳೂರಿನ ಮನೆಯ ಬರಹ ಈಗ ಬದಲಾಗಿದೆ: 'ಬಾಗಿಲು ನಮ್ಮ ಮನೆಯದು. ಉಳಿದದ್ದು ಯಂತ್ರ ಬರೆದ ಊಹೆ.' ಬಂದವರು ಓದಿ, ಹಾಗೆಂದರೇನೆಂದು ಕೇಳುತ್ತಾರೆ. ಚಿಕ್ಕಪ್ಪನ ಮಗ ಅಕ್ಕನ ತಿದ್ದುಪಡಿಗಳನ್ನು ಒಂದೊಂದಾಗಿ ಹೇಳುತ್ತಾನೆ. ಮೊದಲು ಅವನಿಗೆ ಹೇಳಲು ಇಷ್ಟೊಂದು ಇರಲಿಲ್ಲ.

ಮೊಮ್ಮಗನು ಸುಲಭವಾಗಿ ಸೋಲುವವನಲ್ಲ. ಯಂತ್ರಕ್ಕೆ ತಿಳಿಯದ್ದನ್ನು ಮನೆಯಲ್ಲಿಯೇ ಕಲಿಸುವ ವಿಧಾನವೂ ಇದೆ. ಒಂದೇ ಬಗೆಯ ಇಪ್ಪತ್ತರಷ್ಟು ಚಿತ್ರಗಳಿದ್ದರೆ ಸಾಕು, ಕೆಲವು ತಾಸುಗಳಲ್ಲಿ ಆ ರೀತಿಯನ್ನು ಅದು ಹಿಡಿಯುತ್ತದೆ. "ಅಜ್ಜಿ, ನೀವು ಇಪ್ಪತ್ತು ಚಿತ್ತಾರ ಬರೆದುಕೊಡಿ, ಇದಕ್ಕೆ ಕಲಿಸುತ್ತೇನೆ" ಎಂದ. ಅಕ್ಕ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಪೆನ್ಸಿಲಿನಿಂದ ಒಂದನ್ನು ಬರೆದರು. ಕೈ ನಡುಗಿತು; ಆದರೂ ಗೆರೆಗಳ ನಡುವಿನ ಅಂತರ ಕೂದಲೆಳೆಯಷ್ಟೂ ತಪ್ಪಲಿಲ್ಲ. ಅದನ್ನು ಹುಡುಗನ ಕೈಗೆ ಕೊಟ್ಟು, "ಅದಕ್ಕೆ ಬೇಕಾದರೆ ಆಮೇಲೆ ಕಲಿಸುವೆಯಂತೆ, ಮೊದಲು ನೀನು ಕಲಿ. ಹತ್ತೊಂಬತ್ತು ನೀನು ಬರೆ" ಎಂದರು.

ಹುಡುಗ ಇಲ್ಲಿಯವರೆಗೆ ಬರೆದದ್ದು ಏಳು. ಮೊದಲನೆಯದು ಬಿರುಗಾಳಿಗೆ ಸಿಕ್ಕಿದ ಬೇಲಿಯ ಹಾಗಿದೆ. ಏಳನೆಯದನ್ನು ನೋಡಿ ಅಕ್ಕ ಏನೂ ಹೇಳಲಿಲ್ಲ. ಬೈಯಲಿಲ್ಲವೆಂಬುದೇ ಹೊಗಳಿಕೆ ಎಂದು ಮೇಷ್ಟರು ಅರ್ಥ ಹೇಳಿದರು. ಅವರ ನೋಟುಪುಸ್ತಕದಲ್ಲಿ ಈಗ ಅರುವತ್ತೆರಡು ಪುಟಗಳು ತುಂಬಿವೆ. ಮನೆ ಮುಗಿದು, ತೋಟದ ಕಾಲುವೆಗೂ ಹೊಳೆಗೆ ಇಳಿಯುವ ದಾರಿಗೂ ಬಂದಿದೆ. ಪ್ರತಿ ಭಾನುವಾರ ಹುಡುಗ ಬೇಕೆಂದೇ ಒಂದು ಚಿತ್ರವನ್ನು ಬರೆಸಿ ಅಜ್ಜಿಗೆ ಕಳಿಸುತ್ತಾನೆ. ಸಂಜೆಯೊಳಗೆ ಫೋನು ಬರುತ್ತದೆ: "ಹಾಗಲ್ಲ ಮಗಾ, ಬರೆದುಕೋ."

ಒಂದು ಚಿತ್ರಕ್ಕೆ ತಗಲುವ ಖರ್ಚು ಅತ್ಯಲ್ಪ. ನೂರು ಬರೆಸಿದರೂ ಒಂದು ಯೂನಿಟ್ ವಿದ್ಯುತ್ತು ಮುಗಿಯದು. ಆ ವಿದ್ಯುತ್ತಿನಲ್ಲಿ ಒಂದು ಪಾಲು 1035 ಮೆಗಾವ್ಯಾಟ್ ಶಕ್ತಿಯ ಶರಾವತಿ ವಿದ್ಯುದಾಗಾರದಿಂದ ಬರುತ್ತದೆ. ಲಿಂಗನಮಕ್ಕಿಯ ನೀರೇ ಅಲ್ಲಿಯ ಯಂತ್ರಗಳನ್ನು ತಿರುಗಿಸುವುದು. ಈ ಲೆಕ್ಕವನ್ನು ಹುಡುಗ ಒಂದು ದಿನ ಅಜ್ಜನಿಗೆ ಬಿಡಿಸಿ ಹೇಳಿದ. ಮೇಷ್ಟರು ತಿರುಗುತ್ತಿದ್ದ ಫ್ಯಾನಿನ ಸದ್ದನ್ನು ಒಂದು ಗಳಿಗೆ ಆಲಿಸಿ, ನೋಟುಪುಸ್ತಕದಲ್ಲಿ ಅದನ್ನೂ ಬರೆದುಕೊಂಡರು.